ಎರಡು ತಿಂಗಳ ವಾಯಿದಾ

"ಜೀನಾ ಹತ್ತಿ ಮ್ಯಾಲೆ ಹೋಗ್ರಿ, ಖೋಲಿ ಅಲ್ಲೇ ಐತಿ" ಎಂದು ಆ ಹೆಂಗಸು ಹೇಳಿದಾಗ ನಾನು ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತೆ. ನಮ್ಮ ತಿಪಟೂರಿನ ಕಡೆ ಜೀನ ಎಂದರೆ ಜಿಪುಣ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಅಂಥವನನ್ನು ಹತ್ತಿ ಮೇಲೆ ಹೋಗುವುದು ಹೇಗೆ? ನಾರಾಯಣಪೇಟೆಗೆ ಬಂದಿಳಿದು ಆಗಿನ್ನೂ ಒಂದು ಗಂಟೆಯಾಗಿರಲಿಲ್ಲ. ತೆಲಂಗಾಣಕ್ಕೆ ಹೋಗುತ್ತಿದ್ದೇನೆ, ಭಾಷೆ ಬಾರದೆ ಒದ್ದಾಡುತ್ತೇನೆ ಎಂದು ಹೆದರಿ ರೈಲಿನಲ್ಲಿ ದಾರಿಯುದ್ದಕ್ಕೂ ಮೊಬೈಲು ನೋಡಿಕೊಂಡು ತೆಲುಗು ವಾಕ್ಯಗಳನ್ನು ಉರು ಹೊಡೆದಿದ್ದೆ. ಇಲ್ಲಿ ನೋಡಿದರೆ ಎದುರಿಗಿದ್ದಾಕೆ ಕನ್ನಡದಲ್ಲೇ ಮಾತಾಡಿದರು, ಆ ಕನ್ನಡವೇ ನನಗೆ ತಿಳಿಯಲಿಲ್ಲ.

ಆಕೆಯ ಹೆಸರು ಈರಮ್ಮ. ರಸ್ತೆಗೆ ಮುಖ ಮಾಡಿ ಸೀರೆಗೆ ಫಾಲ್ ಹೊಲಿದು ಪಿಕೋ ಹಾಕುವ ಸಣ್ಣ ಅಂಗಡಿ, ಅದರ ಹಿಂದೆ ಅವರ ಮನೆ, ಮೇಲೆ ನನಗೆ ಬಾಡಿಗೆಗೆ ಕೊಟ್ಟ ಕೋಣೆ. ನಾನು ಕಣ್ಣು ಪಿಳಿಪಿಳಿ ಬಿಡುವುದನ್ನು ನೋಡಿ ಮೆಟ್ಟಿಲಿನ ಕಡೆ ಕೈ ತೋರಿಸಿದರು. ಉರ್ದುವಿನ ಜೀನಾ ಇಲ್ಲಿ ಮೆಟ್ಟಿಲು. ಖೋಲಿ ಎಂದರೆ ಕೋಣೆ, ಕಿರಾಯಿ ಎಂದರೆ ಬಾಡಿಗೆ. ನಾನು ನನ್ನ ಅನುಮಾನ ಹೇಳಿದಾಗ ಆಕೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕರು. "ನೀವು ಟೀವ್ಯಾಗ ಮಾತಾಡಿದಂಗ ಮಾತಾಡ್ತೀರಿ ನೋಡ್ರಿ. ಚಂದ ಐತಿ, ಆದ್ರ ನಮಗ ಕೇಳಾಕ ಸಾವಕಾಶ ಬೇಕು" ಎಂದರು. ಅಂದರೆ ನನ್ನ ಕನ್ನಡವೂ ಅವರಿಗೆ ಅಷ್ಟಕ್ಕಷ್ಟೇ ಎಂದಾಯಿತು. ನನಗೆ ಸ್ವಲ್ಪ ಸಮಾಧಾನವಾಯಿತು.

ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ, ಈ ಹುಡುಗಿ ಅಷ್ಟು ದೂರ ಯಾಕೆ ಹೋದಳು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಸಾಲ ತೀರಿಸಲು ಹೋದೆ, ಅಷ್ಟೇ. ನಾನು ಓದಿದ್ದು ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆಯುವ ಕೋರ್ಸು, ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ, ಬ್ಯಾಂಕಿನ ಶಿಕ್ಷಣ ಸಾಲದಲ್ಲಿ. ಅಪ್ಪ ಟೆಂಪೊ ಓಡಿಸುವವರು. ಅವರ ಸಹಿಯೊಂದೇ ಆಗುವುದಿಲ್ಲ, ಸರ್ಕಾರಿ ಸಂಬಳದವರೊಬ್ಬರ ಜಾಮೀನು ಬೇಕು ಎಂದು ಬ್ಯಾಂಕಿನವರು ಹೇಳಿದಾಗ ಮುಂದೆ ಬಂದವರು ಸರೋಜತ್ತೆ, ಅಪ್ಪನ ತಂಗಿ, ಪ್ರೌಢಶಾಲೆಯೊಂದರಲ್ಲಿ ಅಟೆಂಡರ್. "ಎಲ್ಲಿ ಹಾಕ್ಬೇಕು ತೋರ್ಸು" ಎಂದು ಪೆನ್ನು ತೆಗೆದುಕೊಂಡರು. ಎಷ್ಟು ಸಾಲ, ಎಷ್ಟು ವರ್ಷ, ಒಂದನ್ನೂ ಕೇಳಲಿಲ್ಲ.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದಾಗ ನನಗೆ ಆ ವರ್ಷ ಬಹಳ ಉದ್ದ ಕಂಡಿತ್ತು. ಆ ಹೊತ್ತಿನಲ್ಲೂ ಬಡ್ಡಿ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ಮೈಸೂರಿನಲ್ಲಿ ಸಿಕ್ಕ ಕೆಲಸದಲ್ಲಿ ಹೇಗೋ ಕಂತು ಕಟ್ಟಿಕೊಂಡು ಹೋಗುತ್ತಿದ್ದೆ. ಆ ಕ್ಲಿನಿಕ್ಕು ಬಾಗಿಲು ಹಾಕಿದ ಮೇಲೆ ಎರಡು ಕಂತು ತಪ್ಪಿತು. ಅಷ್ಟರಲ್ಲಿ ನಾರಾಯಣಪೇಟೆಯ ಒಂದು ಕಣ್ಣಿನ ಆಸ್ಪತ್ರೆಯವರು ಕರೆದರು. ಗಡಿಯ ಊರು, ಕನ್ನಡ ಬಲ್ಲವರೂ ಬೇಕಿತ್ತಂತೆ. ಸಂಬಳ ತುಸು ಹೆಚ್ಚು, ಬಾಡಿಗೆ ಮೈಸೂರಿನ ಅರ್ಧಕ್ಕೂ ಕಡಿಮೆ. ಕಣ್ಣು ಮುಚ್ಚಿಕೊಂಡು ಹೊರಟುಬಿಟ್ಟೆ.

ಊಟದ ವಿಚಾರ ಹೇಳದಿದ್ದರೆ ಅಮ್ಮ ಕೇಳುತ್ತಾಳೆ. ನಮ್ಮಲ್ಲಿ ಮುದ್ದೆಯನ್ನು ಅಗಿಯುವವರನ್ನು ಕಂಡರೆ ನಗುತ್ತೇವೆ, ಇಲ್ಲಿ ಜೋಳದ ರೊಟ್ಟಿಯನ್ನು ಅಗಿಯದೆ ವಿಧಿಯಿಲ್ಲ. ಮೊದಲ ವಾರ ನನ್ನ ದವಡೆ ನೋಯುತ್ತಿತ್ತು. ಈರಮ್ಮನವರು ಪುಂಡಿ ಪಲ್ಯ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ಎಂದು ದಿನವೂ ಏನಾದರೂ ಮೇಲಕ್ಕೆ ಕಳಿಸುತ್ತಿದ್ದರು. ಪುಂಡಿ ಎಂದರೆ ತೆಲುಗಿನ ಗೋಂಗೂರ, ಹುಳಿ ಸೊಪ್ಪು. ಅದನ್ನು ಬಾಯಿಗಿಟ್ಟಾಗ ಮೊದಲು ಮುಖ ಕಿವುಚಿದ್ದೆ, ಈಗ ಅದಿಲ್ಲದಿದ್ದರೆ ಊಟ ಸೇರುವುದಿಲ್ಲ.

ಕೆಲಸದಲ್ಲಿ ನನಗೆ ಬೇಗ ಧೈರ್ಯ ಬಂತು. ವಾರಕ್ಕೊಂದು ದಿನ ಮಕ್ತಲ್, ಒಂದು ದಿನ ಗದ್ವಾಲ್, ಉಳಿದಂತೆ ನಾರಾಯಣಪೇಟೆ. "ಪೈಕಿ ಚೂಡಂಡಿ" ಎಂದರೆ ಮೇಲೆ ನೋಡಿ, "ಇದಿ ಬಾಗುಂದಾ, ಅದಿ ಬಾಗುಂದಾ" ಎಂದರೆ ಇದು ಚೆನ್ನಾಗಿ ಕಾಣುತ್ತದಾ, ಅದು ಕಾಣುತ್ತದಾ. ಇಷ್ಟಿದ್ದರೆ ಕಣ್ಣಿನವರ ತೆಲುಗು ಮುಗಿಯಿತು. ಗದ್ವಾಲಿನಲ್ಲಿ ಸೀರೆ ನೇಯುವವರು ಬಂದು "ಚಾಳೀಸು ಬಂದೈತ್ರಿ" ಎನ್ನುತ್ತಾರೆ. ಚಾಳೀಸು ಎಂದರೆ ನಲವತ್ತು, ನಲವತ್ತಕ್ಕೆ ಬರುವ ಕಣ್ಣಿನ ಮಂಜಿಗೂ ಅದೇ ಹೆಸರು. ಅವರಿಗೆ ಓದುವ ಕನ್ನಡಕ ಕೊಟ್ಟರೆ ಮಗ್ಗದ ಮೇಲೆ ಪ್ರಯೋಜನವಿಲ್ಲ. ಎಳೆ ಪುಸ್ತಕಕ್ಕಿಂತ ದೂರ ಇರುತ್ತದೆ. ಅದನ್ನು ಸರಿಯಾಗಿ ಅಳೆದು ಕೊಟ್ಟಾಗ ಒಬ್ಬರು ಅಲ್ಲೇ ಎದ್ದು ನಿಂತು, "ಜರಿ ಎಳಿ ಕಾಣಾಕ ಹತ್ತಿತು ತಾಯಿ" ಎಂದರು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬಹಳ ದೊಡ್ಡ ಮನುಷ್ಯಳಂತೆ ಕೂತಿದ್ದೆ.

ಭಾನುವಾರ ಮಾತ್ರ ಕಷ್ಟ. ಮಧ್ಯಾಹ್ನ ಬೀದಿಯೆಲ್ಲ ಬಿಸಿಲಿಗೆ ಬಾಗಿಲು ಹಾಕಿಕೊಂಡು ಮಲಗುತ್ತಿತ್ತು. ನಾನು ಫೋನು ಹಿಡಿದು ಅತ್ತೆಗೆ ಕರೆ ಮಾಡಿ, ಅವರು ಹಲೋ ಎನ್ನುವಷ್ಟರಲ್ಲಿ ಅಳು ಬಂದು ಮೂಗೆಳೆದು, ನೆಗಡಿ ಎಂದು ಸುಳ್ಳು ಹೇಳುತ್ತಿದ್ದೆ. "ಆ ಊರಲ್ಲಿ ಪ್ರತಿ ಭಾನುವಾರ ನೆಗಡಿ ಬರುತ್ತಾ?" ಎಂದು ಅತ್ತೆ ಕೇಳಿದ್ದರು.

ಅತ್ತೆಯ ವಿಷಯಕ್ಕೇ ಬರುತ್ತೇನೆ. ಬದುಕಿಡೀ ಬಾಡಿಗೆ ಮನೆಯಲ್ಲಿದ್ದವರು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಯಾರದೋ ಅಪ್ಪಣೆ ಕೇಳಿದವರು. ಊರಾಚೆ ಒಂದು ಸಣ್ಣ ಸೈಟು ಕೊಂಡು, ನನಗೆ ಸಾಲ ಕೊಟ್ಟ ಅದೇ ಶಾಖೆಯಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಈಗ ಸಿಕ್ಕರೆ ಸಿಕ್ಕಿತು, ಆಮೇಲೆ ಯಾವ ಬ್ಯಾಂಕೂ ಕೊಡುವುದಿಲ್ಲ. ನೀವು ಜಾಮೀನು ಹಾಕಿದ ಸಾಲ ಕೆಟ್ಟ ಸಾಲದ ಪಟ್ಟಿಗೆ ಬಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ ಎಂದು ಮ್ಯಾನೇಜರು ಅವರಿಗೆ ಹೇಳಿದ್ದರು. ಇದನ್ನು ನನಗೆ ತಿಳಿಸಿದ್ದು ಅಪ್ಪ. ಅತ್ತೆ ಬಾಯಿ ಬಿಡಲಿಲ್ಲ. "ನಿಧಾನಕ್ಕೆ ಕಟ್ಟು ಪವಿ, ಹೊಟ್ಟೆಗೆ ತಿಂದು ಕಟ್ಟು" ಎಂದಷ್ಟೇ ಹೇಳುತ್ತಿದ್ದರು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹೊಸ ಸಂಬಳದಲ್ಲಿ ತಿಂಗಳ ಕಂತು ಕಟ್ಟಬಹುದಿತ್ತು, ಹಳೆಯ ಎರಡು ಕಂತಿನ ಬಾಕಿ ಮಾತ್ರ ಹಾಗೇ ಉಳಿಯುತ್ತಿತ್ತು. ದಾರಿ ಹುಡುಕತೊಡಗಿದೆ. ಹುಡುಕುತ್ತಿದ್ದಾಳೆ ಎಂಬುದು ಫೋನಿಗೆ ಹೇಗೆ ಗೊತ್ತಾಗುತ್ತದೋ, ಸಾಲ ಪರಿಹಾರ ಕೇಂದ್ರದಿಂದ ಎಂದು ಒಬ್ಬ ಕರೆ ಮಾಡಿದ. ಮೊದಲು ಫೀಸು ಕಟ್ಟಿದರೆ ಬ್ಯಾಂಕಿನ ಜೊತೆ ಮಾತಾಡಿ ಅರ್ಧ ಸಾಲ ತೆಗೆಸಿಕೊಡುತ್ತೇನೆ ಎಂದ. ದನಿಯಲ್ಲಿ ಬೆಣ್ಣೆ ಸುರಿಯುತ್ತಿತ್ತು. ನಾನು ಹೂಂ ಹೂಂ ಎನ್ನುತ್ತಲೇ ಇದ್ದೆ. ಕೊನೆಗೆ ಫೋನಿಗೆ ಬಂದ ಓಟಿಪಿ ಹೇಳಿ ಎಂದಾಗ ಎಚ್ಚರವಾಗಿ ಕರೆ ಕತ್ತರಿಸಿದೆ.

ಈರಮ್ಮನವರ ಪರಿಹಾರ ಇನ್ನೊಂದು. "ಯಾಕ ಚಿಂತಿ ಮಾಡ್ತಿ ತಂಗಿ, ಮಾಫಿ ಬರ್ತೈತಿ. ಧನ್ವಾಡದಾಗ ನಮ್ಮ ತಮ್ಮಗ ಬಂದೈತಿ."

"ಆ ಸಾಲಮನ್ನಾ ಬೆಳೆ ಸಾಲಕ್ಕೆ ಅಮ್ಮ. ನಂದು ಓದಿನ ಸಾಲ."

"ಓದಿದ್ದು ಬೆಳಿ ಅಲ್ಲೇನು? ನಾಲ್ಕು ವರ್ಷ ಬೆಳಸಿದಿ" ಎಂದರು. ನನ್ನ ಹತ್ತಿರ ಪಹಣಿ ಇಲ್ಲ, ಡಿಗ್ರಿ ಇದೆ ಎಂದು ಎಷ್ಟು ಹೇಳಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಸರ್ಕಾರಕ್ಕೆ ಯಾರೋ ಸರಿಯಾಗಿ ಹೇಳಿಲ್ಲ ಎಂಬುದು ಅವರ ನಂಬಿಕೆ.

ಕೊನೆಗೆ ನಾನೇ ಅದೇ ಬ್ಯಾಂಕಿನ ಇಲ್ಲಿನ ಶಾಖೆಗೆ ಹೋದೆ. ಸ್ವಲ್ಪ ಸಮಯ ಕೇಳುವುದು ನನ್ನ ಉದ್ದೇಶ. ವಾಯಿದೆ ಎಂದರೆ ನಮ್ಮಲ್ಲಿ ಗಡುವು. ಸಾಲ ಮಾಡಿದವರು ವಾಯಿದೆ ಕೇಳುತ್ತಾರೆ, ಕೊಟ್ಟವರು ವಾಯಿದೆ ಕೊಡುತ್ತಾರೆ. ತೆಲುಗಿನಲ್ಲೂ ಆ ಮಾತಿದೆ ಎಂದು ನನಗೆ ಗೊತ್ತಿತ್ತು. ತೆಲುಗು ವಾರ್ತೆಯಲ್ಲಿ ಸಭೆಯನ್ನು ವಾಯಿದಾ ಹಾಕಿದರು ಎಂದರೆ ಮುಂದಕ್ಕೆ ಹಾಕಿದರು ಎಂದರ್ಥ. ಇನ್ನೇನು ಬೇಕು? ಆಗಷ್ಟೇ ಕಲಿತ ತೆಲುಗನ್ನು ತೋರಿಸಿಕೊಳ್ಳುವ ಹುರುಪು ಬೇರೆ. ಸಾಲದ ಮೇಜಿನಲ್ಲಿದ್ದ ಅಧಿಕಾರಿ ಒಬ್ಬ ಮಹಿಳೆ. ಖಾತೆಯ ನಂಬರು ಕೊಟ್ಟು, "ಮೇಡಂ, ರೆಂಡು ನೆಲಲ ವಾಯಿದಾ ಕಾವಾಲಿ" ಎಂದೆ. ಎರಡು ತಿಂಗಳ ವಾಯಿದೆ ಬೇಕು.

ಅವರು ಕಂಪ್ಯೂಟರು ನೋಡಿ, "ರೆಂಡು ನೆಲಲ ವಾಯಿದಾ ಉಂದಮ್ಮಾ. ಪದೋ ತಾರೀಕು ಲೋಪಲ" ಎಂದರು. ಎರಡು ತಿಂಗಳ ವಾಯಿದೆ ಇದೆ, ಹತ್ತನೇ ತಾರೀಕಿನ ಒಳಗೆ.

ಹತ್ತನೇ ತಾರೀಕು ಎಂದರೆ ಎರಡು ತಿಂಗಳು ಕಳೆದ ಮೇಲಿನ ಹತ್ತು ಎಂದುಕೊಂಡೆ. ಇಷ್ಟು ಸುಲಭವೇ ಎಂದು ನನಗೇ ನಂಬಿಕೆಯಾಗಲಿಲ್ಲ. ಎದ್ದು ನಿಂತು ಕೈ ಮುಗಿದೆ. ಆಕೆ ಒಂಥರಾ ನೋಡಿದರು. ತೆಲುಗು ಚೆನ್ನಾಗಿ ಮಾತಾಡಿದೆನೆಂದು ನೋಡಿದರು ಎಂದುಕೊಂಡೆ. ಬರುವಾಗ ಅರ್ಧ ಕೆಜಿ ಜಿಲೇಬಿ ತಂದು ಈರಮ್ಮನವರಿಗೆ ಕೊಟ್ಟು, ಬ್ಯಾಂಕಿನವರು ಒಪ್ಪಿಕೊಂಡರು ಎಂದೆ. ಅತ್ತೆಗೂ ಫೋನು ಮಾಡಿ ನಿಶ್ಚಿಂತೆಯಾಗಿರಿ ಎಂದು ಹೇಳಿದೆ. ಆ ತಿಂಗಳ ಸಂಬಳದಲ್ಲಿ ಕೋಣೆಗೊಂದು ಫ್ಯಾನು, ಚಾಪೆಯ ಬದಲು ಒಂದು ಮಂಚ ಕೊಂಡೆ. ಎರಡು ತಿಂಗಳು ಸಮಯವಿದೆಯಲ್ಲ, ಆಮೇಲೆ ಒಟ್ಟಿಗೆ ಕಟ್ಟಿದರಾಯಿತು ಎಂಬ ಲೆಕ್ಕ.

ಹತ್ತನೇ ತಾರೀಕು ಕಳೆದು ಸ್ವಲ್ಪ ದಿನಕ್ಕೆ ಅತ್ತೆ ಫೋನು ಮಾಡಿದರು. ಮೊದಲು ಮಳೆ ಬಂದದ್ದು, ಶಾಲೆಯ ಹೊಸ ಹೆಡ್‌ಮೇಷ್ಟ್ರು, ಪಕ್ಕದ ಮನೆಯ ಮದುವೆ ಎಲ್ಲ ಹೇಳಿದರು. ಆಮೇಲೆ, "ಮನೆ ಸಾಲದ ಫೈಲು ಸದ್ಯಕ್ಕೆ ನಿಲ್ಲಿಸಿದ್ದಾರಂತೆ ಕಣೇ. ನಿನ್ನದು ಮೂರನೇ ಕಂತೂ ಬಂದಿಲ್ಲವಂತೆ. ಏನೋ ತಪ್ಪಾಗಿರಬೇಕು, ನೀನು ತಲೆ ಕೆಡಿಸ್ಕೋಬೇಡ" ಎಂದರು.

ನಾನು ಅಂಗಡಿಯ ಮುಂದೆಯೇ ಕೂತುಬಿಟ್ಟೆ. ಈರಮ್ಮನವರು ಯಂತ್ರ ನಿಲ್ಲಿಸಿ, "ಬ್ಯಾಂಕಿನ್ಯಾಗ ಏನಂದಿ, ಅಂದಂಗ ಹೇಳು" ಎಂದರು. ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕು, ನನ್ನ ಕಣ್ಣು ನೋಡಿ ತಟ್ಟನೆ ಸುಮ್ಮನಾದರು.

"ಬ್ಯಾಂಕಿನ್ಯಾಗ ವಾಯಿದಾ ಅಂದ್ರ ಕಂತು, ತಂಗಿ. ತಿಂಗಳಾ ತಿಂಗಳಾ ಕಟ್ಟೂದು. ಎರಡು ತಿಂಗಳದು ಬಾಕಿ ಐತಿ, ಹತ್ತರೊಳಗ ಕಟ್ಟು ಅಂದಾಳ ಆಕಿ. ನೀ ಕೈ ಮುಗದು ಜಿಲೇಬಿ ತಂದಿ."

ನಾನು ಅತ್ತುಬಿಟ್ಟೆ. ಅದು ನನ್ನ ಸಾಲಕ್ಕಾಗಿ ಅತ್ತದ್ದಲ್ಲ. ನನ್ನ ಹೆಸರಿನ ಮೇಲೆ ಕಣ್ಣು ಮುಚ್ಚಿ ಸಹಿ ಹಾಕಿದವರ ಮನೆ, ಪಾಯ ತೆಗೆಯುವ ಮೊದಲೇ ನನ್ನ ಮುರುಕು ತೆಲುಗಿನಿಂದ ನಿಂತುಹೋಯಿತಲ್ಲ ಎಂದು ಅತ್ತದ್ದು. ಈರಮ್ಮನವರು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಾ, "ಇಲ್ಲಿ ಹುಟ್ಟಿದವರಿಗೇ ಒಮ್ಮೊಮ್ಮೆ ಯಾವ ಮಾತು ಎತ್ತಾಗಿಂದು ತಿಳಿಯಂಗಿಲ್ಲ. ನಿಂದೇನು ತಪ್ಪು" ಎಂದರು. ಮರುದಿನ ಅಂಗಡಿ ಮುಚ್ಚಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ನನ್ನೊಂದಿಗೆ ಬ್ಯಾಂಕಿಗೆ ಹೊರಟರು.

ಅಧಿಕಾರಿಗೆ ಅವರು ತೆಲುಗಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ಆಕೆಯೂ ಹಣೆ ಹಣೆ ಚಚ್ಚಿಕೊಂಡರು. ಎರಡು ತಿಂಗಳದು ಎಷ್ಟು ಬಾಕಿ ಇದೆ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ, ಬಾಕಿ ಹೇಳಿದ್ದಕ್ಕೆ ಕೈ ಮುಗಿದವರನ್ನು ನಾನು ಇದೇ ಮೊದಲು ನೋಡಿದ್ದು ಎಂದರು. ಆಮೇಲೆ ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ತಿಳಿಸಿದರು. ಮೊದಲು ತಪ್ಪಿದ ಕಂತಿಗೆ ತೊಂಬತ್ತು ದಿನ ಮೀರಿದರೆ ಖಾತೆ ಕೆಟ್ಟ ಸಾಲವಾಗುತ್ತದೆ, ಇನ್ನೂ ಮೀರಿಲ್ಲ. ಈ ವಾರವೇ ಒಂದು ಕಂತಾದರೂ ಕಟ್ಟಿದರೆ ಅದು ತಪ್ಪುತ್ತದೆ. ಕೆಲಸ ಹೋಗಿತ್ತೆಂಬುದಕ್ಕೆ ಹಳೆಯ ಕ್ಲಿನಿಕ್ಕಿನ ಪತ್ರ, ಈಗಿನ ಸಂಬಳದ ಚೀಟಿ ಇಟ್ಟು ಮೂಲ ಶಾಖೆಗೆ ಅರ್ಜಿ ಹಾಕಿದರೆ, ಸಾಲದ ಅವಧಿ ಉದ್ದ ಮಾಡಿ ತಿಂಗಳ ಕಂತು ಇಳಿಸಬಹುದು. ಫೋನಿನಲ್ಲಿ ಅರ್ಧ ತೆಗೆಸುತ್ತೇನೆ ಎಂದವನ ಮಾತನ್ನೂ ಕೇಳಿದೆ. ಒಂದು ವೇಳೆ ಹಾಗಾದರೂ, ಪೂರ್ತಿ ತೀರಿಸದೆ ರಾಜಿಯಾದ ಸಾಲ ಎಂದು ದಾಖಲೆಯಲ್ಲಿ ಉಳಿಯುತ್ತದೆ, ಜಾಮೀನುದಾರರಿಗೂ ಅದು ಅಂಟುತ್ತದೆ ಎಂದರು. ಇದಕ್ಕೆಲ್ಲ ಒಂದು ರೂಪಾಯಿ ಫೀಸೂ ಇರಲಿಲ್ಲ. ಮೊದಲ ಕಂತು ತಪ್ಪಿದಾಗಲೇ ಹೋಗಿ ಕೇಳಿದ್ದರೆ ಆಗುತ್ತಿತ್ತು.

ಅವರೇ ತಿಪಟೂರಿನ ಮ್ಯಾನೇಜರಿಗೆ ಫೋನು ಹಚ್ಚಿ ಇಂಗ್ಲಿಷಿನಲ್ಲಿ ಮಾತಾಡಿದರು. ಈ ಹುಡುಗಿ ಅಲ್ಲೇ ನೆಲೆಯಾಗಿರುತ್ತಾಳಾ, ಜೊತೆಗೆ ಯಾರಿದ್ದಾರೆ ಎಂದು ಆ ಕಡೆಯವರು ಕೇಳಿದರೆಂದು ಕಾಣುತ್ತದೆ, ಫೋನು ಈರಮ್ಮನವರ ಕೈಗೆ ಬಂತು.

"ನಮ್ಮ ಮನ್ಯಾಗ ಇರ್ತಾಳ್ರಿ ಸಾಹೇಬ್ರ. ಎಲ್ಲಿ ಓಡಿ ಹೋಗಾಕಿ ಅಲ್ಲ. ಈಗ ಮಂಚ ಬ್ಯಾರೆ ತಂದಾಳ" ಎಂದರು. ಮ್ಯಾನೇಜರು ಏನೋ ಕೇಳಿದರು. ಈರಮ್ಮನವರು ನನ್ನ ಕಡೆ ಒಮ್ಮೆ ನೋಡಿ, "ನಾ ಆಕಿ ದೊಡ್ಡವ್ವ ಅದೀನ್ರಿ. ಹಂಗಂತ ಬರ್ಕೊಳ್ರಿ" ಎಂದು ಫೋನು ವಾಪಸು ಕೊಟ್ಟರು.

ಕಂತಿಗೆ ದುಡ್ಡು ಸಾಲುತ್ತಿರಲಿಲ್ಲ. ಇದ್ದದ್ದೆಲ್ಲ ಫ್ಯಾನು ಮಂಚಕ್ಕೆ ಹೋಗಿತ್ತು. ಬಾಡಿಗೆಗೆಂದು ತೆಗೆದಿಟ್ಟದ್ದನ್ನು ಕೈಯಲ್ಲಿ ಹಿಡಿದು ನಾನು ಹಿಂದೆ ಮುಂದೆ ನೋಡುತ್ತಿದ್ದೆ. "ಅದನ್ನ ಕಟ್ಟಿಬಿಡು" ಎಂದರು ಈರಮ್ಮ. "ಸರಕಾರ ಮಾಡ್ಲಿಲ್ಲಂದ್ರ ಏನಾತು, ಈ ತಿಂಗಳ ಕಿರಾಯಿ ನಾ ಮಾಫಿ ಮಾಡೀನಿ." ಅಂದಿನಿಂದ ನಾನು ಅವರನ್ನು ದೊಡ್ಡವ್ವ ಎಂದೇ ಕರೆಯುತ್ತೇನೆ. ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಅರ್ಜಿ ಒಪ್ಪಿಗೆಯಾಗಲು ವಾರಗಳೇ ಹಿಡಿದವು. ಅಲ್ಲಿಯವರೆಗೆ ಪ್ರತಿ ಫೋನನ್ನೂ ಬ್ಯಾಂಕಿನದೇ ಎಂದು ಓಡಿ ಬಂದು ಎತ್ತುತ್ತಿದ್ದೆ. ಒಪ್ಪಿಗೆಯಾದಾಗ ಕುಣಿಯಬೇಕು ಎನ್ನಿಸಲಿಲ್ಲ, ಸುಮ್ಮನೆ ನಿದ್ದೆ ಬಂತು. ನಿಮ್ಮಲ್ಲಿ ಸಾಲ ಮಾಡಿ ಓದಿದ ಮಕ್ಕಳಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಹೀಗೆ ಸಿಗುವ ಪರಿಹಾರದಿಂದ ಸಾಲವೇನೂ ಇಳಿಯುವುದಿಲ್ಲ. ಕಂತು ಇಳಿಯುತ್ತದೆ, ವರ್ಷಗಳು ಏರುತ್ತವೆ, ಒಟ್ಟು ಬಡ್ಡಿಯೂ ಏರುತ್ತದೆ. ನನಗೆ ಉಸಿರಾಡಲು ಅಷ್ಟು ಸಾಕಾಗಿತ್ತು. ಆದರೆ ಆ ವರ್ಷಗಳನ್ನು ನಾನು ಇಲ್ಲೇ ಕಳೆಯಬೇಕು. ತಿಪಟೂರಿನಲ್ಲಿ ಈ ಕೆಲಸಕ್ಕೆ ಸಿಗುವ ಸಂಬಳದಲ್ಲಿ ಇಳಿಸಿದ ಕಂತನ್ನೂ ಕಟ್ಟಲಾಗುವುದಿಲ್ಲ. ಎರಡು ವರ್ಷ ಇದ್ದು ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಬಂದಿದ್ದೆ. ಈಗ ಅಮ್ಮ ಆ ಮಾತು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಅತ್ತೆಯ ಫೈಲು ಮತ್ತೆ ನಡೆಯಿತು. ಮನೆ ಎದ್ದಿತು. ಎರಡು ಕೋಣೆ, ಒಂದು ಹಜಾರ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಗೃಹಪ್ರವೇಶಕ್ಕೆ ನಾನು ಹೋದಾಗ ಅತ್ತೆ ಗೋಡೆ ತುಂಬ ಮೊಳೆ ಹೊಡೆಸಿದ್ದರು, ನೇತು ಹಾಕಲು ಏನೂ ಇರಲಿಲ್ಲ. ಕಿಟಕಿಯ ಪಕ್ಕದ ಕೋಣೆ ತೋರಿಸಿ ಇದು ನಿನ್ನದು ಎಂದರು. ಆ ದಿನ ನೆಂಟರೆಲ್ಲ ನನ್ನ ಮಾತಿಗೆ ನಕ್ಕರು. ಬಡಿಸುತ್ತಾ ನಾನು ಯಾರಿಗೋ "ಇನ್ನೊಂದೀಟು ತಗೋರಿ, ಯಾಕ ಬ್ಯಾಡಂತೀರಿ" ಎಂದಿದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಹೊರಡುವಾಗ ಅತ್ತೆ ಹೊಸ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ಸುಲಿದು ನನ್ನ ಚೀಲಕ್ಕೆ ತುಂಬುತ್ತಿದ್ದರು. "ತಗೊಂಡು ಹೋಗು, ನಿಮ್ಮ ಊರಲ್ಲಿ ಇಂಥವು ಸಿಗಲ್ಲ" ಎಂದರು.

ನಿಮ್ಮ ಊರು ಎಂದದ್ದು ಅವರಿಗೆ ತಿಳಿಯಲಿಲ್ಲ. ನನಗೆ ಎದೆಗೆ ಬಂದು ನಾಟಿತು. ನಮ್ಮೂರು ಇದೇ ಅಲ್ವಾ ಅತ್ತೆ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. "ಸಿಗ್ತಾವ ಅತ್ತೆ, ಇಷ್ಟು ಸಿಹಿ ಇರಂಗಿಲ್ಲ" ಎಂದುಬಿಟ್ಟೆ.

ಅತ್ತೆ ನಗಲು ಹೊರಟವರು ನಗಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. "ನನಗೊಂದು ಮನೆ ಆಗೋಕೆ ನೀನು ಊರು ಕಳ್ಕೊಂಡೆ ಕಣೇ ಪವಿ" ಎಂದರು.

"ಕಳ್ಕೊಂಡಿಲ್ಲ ಅತ್ತೆ" ಎಂದೆ. ಯಾವ ಊರಿನ ಬಗ್ಗೆ ಹಾಗೆ ಹೇಳಿದೆನೆಂದು ನನಗೇ ಗೊತ್ತಿರಲಿಲ್ಲ.